ಗಿಟಾರಿನ ಮೇಲೆ ಕೂತ ಶಾರದೆ

ದೇವರ ಕೆಲಸವೆಂದು ನಾನು ಶ್ರದ್ಧೆಯಿಂದ ಕೈ ಹಚ್ಚಿದ ಯಾವುದೂ ಈವರೆಗೆ ನಗೆಪಾಟಲಾಗದೆ ಮುಗಿದಿಲ್ಲ. ಭಗವಂತನಿಗೂ ನಗು ಬೇಕಿರುತ್ತದೆ, ಅದಕ್ಕೆ ನಮ್ಮ ಪದ್ಮನಾಭನಗರದ ಮನೆಯನ್ನೇ ಆರಿಸಿಕೊಂಡಿದ್ದಾನೆ ಅಂತ ನನ್ನ ನಂಬಿಕೆ.

ಕತ್ತು, ಬೆನ್ನು

ಅಟ್ಟ ಗುಡಿಸುವಾಗ ನಮ್ಮ ಯಜಮಾನರ ಕಾಲೇಜು ದಿನಗಳ ಗಿಟಾರು ಸಿಕ್ಕಿತು. ಎಸೆಯಲು ಅವರಿಗೆ ಮನಸ್ಸಿಲ್ಲ. ಜಯನಗರದಲ್ಲಿ ರಿಪೇರಿಯವರಿಗೆ ತೋರಿಸಿದೆವು. ಅವರು ತಿರುಗಿಸಿ ಮುರುಗಿಸಿ ನೋಡಿ, "ಕತ್ತು ಬಾಗಿದೆ, ಬೆನ್ನು ಬಿಟ್ಕೊಂಡಿದೆ. ವಯಸ್ಸಾಯ್ತು ಸಾರ್, ಇನ್ನು ಏನೂ ಮಾಡೋಕಾಗಲ್ಲ" ಅಂದರು.

ಯಜಮಾನರು ತಮ್ಮ ಕತ್ತನ್ನೇ ಸವರಿಕೊಂಡರು. "ಹೋದ ವಾರ ಡಾಕ್ಟರೂ ಇದನ್ನೇ ಹೇಳಿದ್ದು. ಆದ್ರೆ ಅವರು ಫೀಸ್ ತಗೊಂಡ್ರು."

ಹುಣ್ಣಿಮೆ

"ಇದರ ಮೇಲೆ ಶಾರದೆಯ ಚಿತ್ರ ಬರೀತೀನಿ" ಅಂದೆ. ಅವರು ಗಿಟಾರಿನ ಧೂಳು ಒರೆಸುತ್ತಾ, "ಬರಿ. ಆದ್ರೆ ಯಾರಿಗೂ ಕೊಡಬೇಡ. ನನ್ನ ಹುಡುಗುತನದ್ದು ಅಂತ ಉಳಿದಿರೋದು ಇದೊಂದೇ" ಅಂದರು. ಆ ಧ್ವನಿ ಕೇಳಿ ನನಗೆ ದೇವರ ಮುಂದೆ ಮಾತು ಕೊಟ್ಟ ಹಾಗಾಯಿತು.

ಉಪ್ಪುಕಾಗದದಲ್ಲಿ ತಿಕ್ಕಿ, ಬಿಳಿ ಬಳಿದು, ಸ್ತೋತ್ರ ಹೇಳಿಕೊಳ್ಳುತ್ತಾ ಕೂತೆ. ತಂತಿಯ ಕೆಳಗಿನ ದುಂಡನೆ ತೂತನ್ನು ಏನು ಮಾಡುವುದೆಂದು ತಿಳಿಯದೆ, ಸುತ್ತ ಚಿನ್ನದ ಅಂಚು ಬಳಿದೆ. "ನೋಡಿ, ಅಮ್ಮನ ತಲೆ ಮೇಲೆ ಹುಣ್ಣಿಮೆ ಚಂದ್ರ!"

ಅವರು ಕನ್ನಡಕ ಏರಿಸಿ, ಕಪ್ಪಗಿದ್ದ ತೂತಿನೊಳಗೆ ಇಣುಕಿದರು. "ಅಮಾವಾಸ್ಯೆ ಕಣೇ."

ಎಲ್ಲಿ ತೂಗುಹಾಕೋದು

ಚಪ್ಪಲಿ ಸ್ಟ್ಯಾಂಡಿನ ಕಡೆ ಬೇಡ, ಬಚ್ಚಲಿನ ಗೋಡೆಯಂತೂ ಬೇಡವೇ ಬೇಡ ಅಂತ ನಮ್ಮತ್ತೆಯವರ ಅಪ್ಪಣೆಯಾಯಿತು. ಉಳಿದದ್ದು ಟಿ.ವಿ. ಮೇಲಿನ ಜಾಗ. ಅಲ್ಲೇ ತೂಗುಹಾಕಿ ಕೈಮುಗಿದೆ.

ಸಂಜೆ ಯಜಮಾನರು ಎಂದಿನಂತೆ ಟೀಪಾಯಿಯ ಮೇಲೆ ಕಾಲು ಚಾಚಿದರು. "ಏಯ್! ತಾಯಿಗೆ ಕಾಲು ತೋರಿಸ್ತೀಯಾ?" ಅಂತ ಅತ್ತೆ ಗದರಿದರು. ಅಂದಿನಿಂದ ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡುವುದು ಪದ್ಮಾಸನದಲ್ಲಿ. ಮ್ಯಾಚು ಗೆದ್ದ ದಿನವೂ ಕುಣಿಯೋಕಾಗದು, ಕಾಲು ಜೋಮು ಹಿಡಿದಿರುತ್ತದೆ.

ಭಿನ್ನ

ಬೇಸಿಗೆಗೆ ಹಳೇ ಬೆಸುಗೆ ಬಿಟ್ಟು, ಅಮ್ಮನ ಭುಜದ ಮೇಲೆ ಒಂದು ಬಿರುಕು ಮೂಡಿತು. ಮರದ ಅಂಟು ತರಲು ಬನಶಂಕರಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಖಾಲಿ!

"ಭಿನ್ನವಾದ ದೇವರನ್ನ ಮನೇಲಿ ಇಟ್ಕೋಬಾರದು ಅಂತ ಗೊತ್ತಿಲ್ವೇನಮ್ಮ?" ಅತ್ತೆ ನೆಮ್ಮದಿಯಿಂದ ಬತ್ತಿ ಹೊಸೆಯುತ್ತಿದ್ದರು. "ಆಟೋ ಮಾಡ್ಕೊಂಡು ಹೋಗಿ, ಅಶ್ವತ್ಥಕಟ್ಟೆ ಮೇಲೆ ಕೂರಿಸಿ ಬಂದೆ."

ಒಡೆದ ದೇವರ ಪಟಗಳನ್ನೆಲ್ಲ ನಮ್ಮ ಕಡೆಯವರು ಬಿಟ್ಟು ಬರುವುದು ಅಲ್ಲೇ. ಅಂಟಿನ ಡಬ್ಬಿ ಕೈಲಿ ಹಿಡಿದೇ ಕೂಗಿದೆ: "ಅತ್ತೆ, ಅದು ಗಿಟಾರು!"

"ಇವತ್ತು ಬೆಳಿಗ್ಗೆ ನೀನೇ ತಾನೇ ಊದುಬತ್ತಿ ಹಚ್ಚಿದ್ದು? ಮಧ್ಯಾಹ್ನಕ್ಕೆ ಗಿಟಾರಾಗೋಯ್ತಾ?"

ಬಲಗಡೆಯ ಹೂವು

ಸುದ್ದಿ ಕೇಳಿದ್ದೇ ಯಜಮಾನರು ಸ್ಕೂಟರ್ ಕೀಲಿ ತೆಗೆದುಕೊಂಡು ಹೊರಟರು. ಅತ್ತೆಯನ್ನು ಕರೆದುಕೊಂಡು ನಾನು ಆಟೋದಲ್ಲಿ ಹಿಂದೆಯೇ ಹೋದೆ.

ಕಟ್ಟೆಯ ಮೇಲೆ ನೋಡಿದರೆ ಗಿಟಾರಿಗೆ ಕುಂಕುಮ, ಕನಕಾಂಬರದ ಹಾರ, ಮುಂದೆ ಎರಡು ಬಾಳೆಹಣ್ಣು. ಪುಸ್ತಕದ ಬ್ಯಾಗು ಹೊತ್ತ ಹುಡುಗಿಯೊಬ್ಬಳು ಪ್ರದಕ್ಷಿಣೆ ಹಾಕುತ್ತಿದ್ದಳು.

ಯಜಮಾನರು ಗಿಟಾರಿಗೆ ಕೈ ಚಾಚಿದ್ದೇ ತಡ, ಹೂ ಮಾರುವಾಕೆ ಎದ್ದು ಬಂದರು. "ಅಣ್ಣಾ! ಪೂಜೆ ಆಗಿರೋ ಅಮ್ಮನ್ನ ಮುಟ್ತೀರಾ?"

"ಇದು ನನ್ನ ಗಿಟಾರಮ್ಮ."

"ಹಂಗಾದ್ರೆ ಇಲ್ಲಿಗೆ ಯಾಕೆ ಬಿಟ್ರಿ? ಕರ್ಕೊಂಡ್ಹೋಗಬೇಕಾದ್ರೆ ಅಮ್ಮನ್ನೇ ಕೇಳಿ. ಬಲಗಡೆ ಹೂ ಕೊಟ್ಟರೆ ನಿಮ್ದು."

ನಾನು ಒಳಗೆ ಪೂಜೆ ಮಾಡಿಸಿಕೊಂಡು ಬರುವವರೆಗೂ ಗುಡಿಯ ಹೊರಗೆ ಸ್ಕೂಟರ್ ಮೇಲೆ ಕೂತು ಪೇಪರ್ ಓದುವ ಮನುಷ್ಯ ಇವರು. ಈಗ ಚಪ್ಪಲಿ ಬಿಟ್ಟು, ಕಣ್ಣುಮುಚ್ಚಿ ಕೈಮುಗಿದು ನಿಂತರು. ಹೂ ಬೀಳಲಿಲ್ಲ. ಸುತ್ತು ಹಾಕಲು ಶುರು ಮಾಡಿದರು. ಹಿಂದಿನಿಂದ ಬಂದ ಹುಡುಗಿ ಮೆಲ್ಲಗೆ ಕೇಳಿದಳು, "ಅಂಕಲ್, ನಿಮ್ದೂ ಎಕ್ಸಾಮಾ?"

"ಹೂಂ ಮಗು. ನಿಂಗೆ ಆಮೇಲೆ ಸಪ್ಲಿಮೆಂಟರಿ ಆದ್ರೂ ಇರುತ್ತೆ."

ಹೂ ಬೀಳಲೇ ಇಲ್ಲ. ಅವರ ಮುಖ ನೋಡಲಾಗದೆ ನಾನೂ ಮೊರೆಯಿಟ್ಟೆ: ತಾಯೀ, ಇವರು ಇನ್ನೊಂದು ಕೇಳೋರಲ್ಲ, ಇದೊಂದು ನಡೆಸಿಕೊಡು.

ಬಿಸಿಲೇರಿತ್ತು. ಬಣ್ಣ ಬಳಿದ ಮೇಲೆ ಅಂದಕ್ಕೆಂದು ನಾನು ಮತ್ತೆ ಬಿಗಿದಿದ್ದ ತಂತಿಯೊಂದು ಠಣ್ಣನೆ ಕಿತ್ತು ಬಂತು. ಅದಕ್ಕೆ ಸಿಕ್ಕಿಸಿದ್ದ ಹಾರ ಇಡಿಯಾಗಿ ಅಮ್ಮನ ಬಲಕ್ಕೆ ಜಾರಿ ಬಿತ್ತು.

"ನೋಡಿದ್ರಾ ಅಣ್ಣಾ! ಹೂ ಕೇಳಿದ್ರೆ ಹಾರಾನೇ ಕೊಟ್ಲು!" ಅಂತ ಹೂವಿನಾಕೆ ಕೆನ್ನೆ ಬಡಿದುಕೊಂಡರು. ನನ್ನ ಕಣ್ಣು ತುಂಬಿಬಂತು. ಅತ್ತೆ ಸೆರಗು ಸರಿಮಾಡಿಕೊಂಡು, "ಅವಳೇ ಬರ್ತೀನಿ ಅಂದ್ಮೇಲೆ ಭಿನ್ನ ಅನ್ನೋಕೆ ನಾನ್ಯಾರು? ಹೋಗಿ ಅಂಟು ಹಾಕು" ಅಂದರು.

ಯಜಮಾನರು ಗಿಟಾರನ್ನು ಮಗುವಿನಂತೆ ಎದೆಗೊರಗಿಸಿಕೊಂಡು ನನ್ನ ಕಿವಿಯಲ್ಲಿ ಹೇಳಿದರು: "ನಾನು ಎಷ್ಟು ವರ್ಷ ಬಾರಿಸಿದೆ ಕಣೇ. ಇದು ಸರಿಯಾದ ಹೊತ್ತಿಗೆ ಶಬ್ದ ಮಾಡಿದ್ದು ಇವತ್ತೇ ಮೊದಲು!"