ಮುಂದಿನ ಸೀಟಿನ ಥಂಡಿ

ಹೊಟ್ಟೆಕಿಚ್ಚು ಪಡುವುದಕ್ಕೆ ನೆಂಟರಷ್ಟು ಅನುಕೂಲವಾದವರು ಬೇರೆ ಯಾರೂ ಇಲ್ಲ. ಗುರುತಿಲ್ಲದವನು ಮೇಲೆ ಬಂದರೆ ಪೇಪರಿನಲ್ಲಿ ಓದಿ ಮಡಚಿಡಬಹುದು. ಷಡ್ಡಕ ಮೇಲೆ ಬಂದರೆ ಹೆಂಡತಿ ದಿನಾಲೂ ಓದಿ ಹೇಳುತ್ತಾಳೆ. ನನ್ನ ಹೆಂಡತಿಯ ತಂಗಿಯ ಗಂಡ ಮಲ್ಲಿಕಾರ್ಜುನ ಪುಣೆಯ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಕಾರಿನೊಳಗೆ ಗಾಳಿ ಹೇಗೆ ಸುತ್ತುತ್ತದೆ, ಯಾವ ಸೀಟಿನವರಿಗೆ ಎಷ್ಟು ಸೆಕೆಯಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ಅವನ ಕೆಲಸ. ಇದಕ್ಕೆ ಅವನಿಗೆ ಸಂಬಳವನ್ನೂ ಕೊಡುತ್ತಾರೆ.

ನಾನು ಮೋರಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ ಎಂದು ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬಾಣ ಬರೆಯುತ್ತಿದ್ದೇನೆ. ಒಬ್ಬರೂ ಆಹಾ ಅಂದಿಲ್ಲ. ಈ ಬೇಸಿಗೆಯಲ್ಲಿ ನಾಲತವಾಡದ ಮಾವನ ಮನೆಯಲ್ಲಿ ಮಲ್ಲಿಕಾರ್ಜುನ ಲ್ಯಾಪ್‌ಟಾಪ್ ತೆರೆದು ಅದೇ ಬಾಣಗಳನ್ನು ಕೆಂಪು, ನೀಲಿಯಲ್ಲಿ ಓಡಿಸಿದ. ಅತ್ತೆಯವರು ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ನೋಡಲು ಬಂದರು. ಬಾಣ ನನ್ನವೇ, ಬಣ್ಣ ಮಾತ್ರ ಅವನದು. ನನಗೆ ಆ ದಿನ ಊಟ ರುಚಿಸಲಿಲ್ಲ.

ಮರುದಿನ ಮಧ್ಯಾಹ್ನ ಬಸವನ ಬಾಗೇವಾಡಿಯ ನೆಂಟರ ಮನೆಗೆ ಊಟಕ್ಕೆ ಹೊರಟೆವು. ಮಲ್ಲಿಕಾರ್ಜುನ ತನ್ನ ಕಾರಿನ ತುಂಬ ಶಾಖ ಅಳೆಯುವ ಸಣ್ಣ ಸಣ್ಣ ವೈರು ಅಂಟಿಸಿದ್ದ. ತನ್ನ ಲೆಕ್ಕ ನಿಜವೋ ಸುಳ್ಳೋ ಎಂದು ನಮ್ಮ ಮೇಲೆ ಪರೀಕ್ಷೆ ಮಾಡುವವನಿದ್ದ. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಅವರ ಇಬ್ಬರು ಹೆಣ್ಣುಮಕ್ಕಳು. ಕಾರು ನಡೆಸುವವನು ಮಲ್ಲಿಕಾರ್ಜುನನೇ; ಅವನ ಪಕ್ಕದ ಸೀಟು ಎಂದಿನಂತೆ ಹಿರಿ ಅಳಿಯನದು, ಅಂದರೆ ನನ್ನದು. ಆ ಮನೆಯಲ್ಲಿ ನನಗೆ ಉಳಿದಿದ್ದ ಮರ್ಯಾದೆ ಅದೊಂದೇ.

“ಅಣ್ಣಾರ, ಈ ಹೊತ್ತಿನಾಗ ಬಿಸಿಲು ಮುಂದಿನ ಗಾಜಿನಿಂದ ಸೀದಾ ನಿಮ್ಮ ಮ್ಯಾಲೇ ಬೀಳ್ತೈತಿ. ಆ ಸೀಟು ಕುದೀತೈತಿ ಅಂತ ಕಂಪ್ಯೂಟರ್ ಹೇಳಾಕತ್ತೈತಿ. ಹಿಂದ ಕುಂಡ್ರತೀರೇನ್ರಿ?” ಎಂದ.

ನನ್ನನ್ನು ಕೆಳಗಿಳಿಸುವ ಹುನ್ನಾರ! “ನನಗೇನೂ ಆಗೂದಿಲ್ಲ, ನಡಿ,” ಎಂದು ಗಟ್ಟಿಯಾಗಿ ಕುಳಿತೆ.

ಅವನ ಪರೀಕ್ಷೆ ಸರಳವಾಗಿತ್ತು. ಬಹಳ ಸೆಕೆಯಾದರೆ ಮೂರು, ಹಿತವಾಗಿದ್ದರೆ ಸೊನ್ನೆ, ಬಹಳ ಚಳಿಯಾದರೆ ಮೈನಸ್ ಮೂರು. ಅವನು ಕೇಳಿದಾಗೊಮ್ಮೆ ಎಲ್ಲರೂ ಒಂದೊಂದು ಸಂಖ್ಯೆ ಹೇಳಬೇಕು. ಮುದ್ದೇಬಿಹಾಳ ದಾಟುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಕೇಳಿದ. ಅವನ ಕಂಪ್ಯೂಟರ್ ತಪ್ಪಬೇಕು ಎಂಬ ಒಂದೇ ಆಸೆಯಿಂದ ನಾನು, “ಮೈನಸ್ ಎರಡು,” ಎಂದೆ.

ಅವನು ಗಾಬರಿಯಾಗಿ, ನನಗೆ ಚಳಿಯಾಗದಿರಲೆಂದು ನನ್ನ ಮುಂದಿನ ಎ.ಸಿ. ಕಿಂಡಿ ಮುಚ್ಚಿಬಿಟ್ಟ. ಹತ್ತು ನಿಮಿಷಕ್ಕೆ ಮತ್ತೆ ಕೇಳಿದ. ಆಡಿದ ಮಾತನ್ನು ಬದಲಿಸುವುದುಂಟೆ? “ಮೈನಸ್ ಮೂರು.”

ಹಿಂದಿನಿಂದ ಅತ್ತೆ ಚೀರಿದರು: “ಅಯ್ಯಯ್ಯ, ಇಂಥಾ ಬಿಸಿಲಾಗ ಥಂಡಿ ಹತ್ತಾಕತ್ತೈತಿ ಅಂದ್ರ ಜ್ವರನ ಬಂದಾವ! ನೋಡ್ರಿ, ಹೆಂಗ ಬೆವತಾರ!” ಹೆಂಡತಿ ಹಣೆ ಮುಟ್ಟಿ, “ಹೌದಬೇ, ಕಾದ ಹಂಚಾಗೇತಿ,” ಎಂದಳು. ಮರುಕ್ಷಣ ಹಿಂದಿನ ಸೀಟಿಗೆ ಹಾಸಿದ್ದ ದಪ್ಪ ಚಾದರ ನನ್ನ ಕೊರಳಿನವರೆಗೆ ಬಂತು. ನಿಜ ಹೇಳಿದರೆ ಸುಳ್ಳುಗಾರ, ಹೇಳದಿದ್ದರೆ ರೋಗಿ. ಬಾಗೇವಾಡಿಯವರೆಗೂ ರೋಗಿಯಾಗಿಯೇ ಬೆಂದೆ.

ನೆಂಟರ ಮನೆಯಲ್ಲಿ ಹೋಳಿಗೆ, ಮಾವಿನಹಣ್ಣಿನ ಶೀಕರಣೆ. ನನಗೆ ಗಂಜಿ. ಹಿರಿ ಅಳಿಯನಿಗೆಂದು ಹಾಕಿದ್ದ ಮಣೆಯ ಮೇಲೆ ಮಲ್ಲಿಕಾರ್ಜುನ ಕುಳಿತು, ತುಪ್ಪ ಸಾಕು ಸಾಕು ಎನ್ನುತ್ತ ಹಾಕಿಸಿಕೊಳ್ಳುತ್ತಿದ್ದ. ನಾನು ಮೂಲೆಯ ಹಾಸಿಗೆಯಿಂದ ಅವನ ಹೋಳಿಗೆ ಎಣಿಸಿದೆ. ನಾಲ್ಕು.

ಊಟವಾದ ಮೇಲೆ ಅವನೇ ಲ್ಯಾಪ್‌ಟಾಪ್ ಹಿಡಿದು ನನ್ನ ಹತ್ತಿರ ಬಂದ. “ಅಣ್ಣಾರ, ಹಿಂದಿನ ಮೂರೂ ಮಂದೀದು ಲೆಕ್ಕಕ್ಕ ಸರಿ ಕೂಡೇತ್ರಿ. ನಿಮಗ ಜ್ವರ ಇದ್ದವಲ್ಲ, ಅದಕ್ಕ ನಿಮ್ಮದೊಂದು ತಗದಬಿಟ್ಟೇನಿ. ನಿಮ್ಮ ಬದಲಿಗೆ ಕಂಪ್ಯೂಟರಿನಾಗ ಕುಂಡ್ರಿಸಿದ ಬೊಂಬೀನ ಸಾಕು.”

ತೆರೆಯ ಮೇಲೆ ಮುಂದಿನ ಸೀಟಿನಲ್ಲಿ ಒಂದು ಬೊಂಬೆ ತಲೆಯಿಂದ ಸೊಂಟದವರೆಗೆ ಕೆಂಪಗೆ ಕಾದು ಕುಳಿತಿತ್ತು. ಬಾಯಿಲ್ಲದಿದ್ದರೂ ಅದು ನಿಜವನ್ನೇ ಹೇಳುತ್ತಿತ್ತು. ಈಗ ನನ್ನ ಹೊಟ್ಟೆಕಿಚ್ಚು ಷಡ್ಡಕನ ಮೇಲಿಲ್ಲ, ಆ ಬೊಂಬೆಯ ಮೇಲಿದೆ.