ಪರರ ಬುತ್ತಿಯಲ್ಲಿ ಏಷ್ಯಾ ಹುಡುಕಿದ ಭಾವ

೨೦೧೪ನೆಯ ಇಸವಿ, ಆಗ ನನಗೆ ನಲವತ್ತೆಂಟು ವರ್ಷ. ಆ ವರ್ಷ ನನ್ನ ರಕ್ತದೊತ್ತಡ ಏರಿದ್ದು ವಯಸ್ಸಿನಿಂದ ಎಂದು ವೈದ್ಯರು ತೀರ್ಮಾನಿಸಿದರು. ತಪ್ಪು! ಅದು ಏರಿದ್ದು ನನ್ನ ಭಾವನಿಂದ. ಪಾತ್ರೆಗೆ ಮುಚ್ಚಳವನ್ನು ಮೊದಲು ಕಂಡುಹಿಡಿದವರು ಯಾರೋ ನನಗೆ ತಿಳಿಯದು. ಆದರೆ ನನ್ನ ಭಾವನಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಅದನ್ನು ಕಂಡುಹಿಡಿದಿರಬೇಕು!

ಭಾವ ಎಂದರೆ ಅಕ್ಕನ ಗಂಡ. ಅಬುಧಾಬಿಯ ಒಂದು ವಿಲ್ಲಾದಲ್ಲಿ ನಡೆಯುತ್ತಿದ್ದ ಭಾರತೀಯ ಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕರು. ಅವರಿಗೆ ಒಂದೇ ಹುಚ್ಚು: ಏಷ್ಯಾ. ಈ ಖಂಡ ಭೂಪಟದಲ್ಲಿಲ್ಲ, ಜನರ ಊಟದ ಡಬ್ಬಿಯಲ್ಲಿದೆ ಎಂಬುದು ಅವರ ಸಿದ್ಧಾಂತ. ಸಿದ್ಧಾಂತ ಇರಲಿ, ಯಾರಿಗೆ ತೊಂದರೆ? ಆದರೆ ಅದನ್ನು ರುಜುವಾತುಪಡಿಸಲು ಕಂಡಕಂಡವರ ಡಬ್ಬಿಯ ಮುಚ್ಚಳ ತೆಗೆಯಬೇಕೇ?

ಹಮ್ದಾನ್ ಸ್ಟ್ರೀಟಿನ ಒಂದೇ ಕಟ್ಟಡದಲ್ಲಿ ನಮ್ಮಿಬ್ಬರ ಮನೆ. ಒಂದು ಶುಕ್ರವಾರ ಫಿಲಿಪೀನ್ಸಿನ ದಾದಿಯೊಬ್ಬರು ಬಿಸಿ ಪಾತ್ರೆ ಹಿಡಿದು ಲಿಫ್ಟ್ ಹತ್ತಿದರು. "ಒನ್ ಮಿನಿಟ್ ಸಿಸ್ಟರ್" ಎಂದವರೇ ಭಾವ ಮುಚ್ಚಳ ಎತ್ತಿಯೇಬಿಟ್ಟರು! ಕನ್ನಡಕದ ತುಂಬ ಹಬೆ. ಹಾಗೆಯೇ ನನ್ನತ್ತ ತಿರುಗಿದರು.

"ಮಾಷ್ಟ್ರೇ, ಮೂಸಿ ನೋಡಿ! ಹುಣಿಸೆ ಉಂಟು ಇದರಲ್ಲಿ! ನಮ್ಮ ಮೀನುಸಾರಿನ ತಂಗಿ ಮಾರಾಯ್ರೇ ಇದು!"

ಆ ಮಹಿಳೆ ಭಾವನನ್ನು ನಗರಸಭೆಯ ಆಹಾರ ಪರೀಕ್ಷಕರೆಂದು ಭಾವಿಸಿದರು. ಅಂದಿನಿಂದ ಲಿಫ್ಟಿನಲ್ಲಿ ಎದುರಾದಾಗಲೆಲ್ಲ, ಯಾರೂ ಕೇಳದಿದ್ದರೂ, ಮುಚ್ಚಳ ತೆಗೆದು ತೋರಿಸಿಯೇ ಮುಂದೆ ಹೋಗುತ್ತಿದ್ದರು!

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ವರ್ಷವೇ ವಿಲ್ಲಾಗಳಲ್ಲಿ ನಡೆಯುವ ಶಾಲೆಗಳನ್ನು ಮುಚ್ಚಬೇಕೆಂಬ ಆಜ್ಞೆ ಬಂತು. ಮಾರ್ಚ್ ಮುಗಿದರೆ ಭಾವನಿಗೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಅವರ ವೀಸಾಕ್ಕೆ ಜೋತುಬಿದ್ದಿದ್ದ ಅಕ್ಕನೂ ಮಗಳೂ ಗಂಟುಮೂಟೆ ಕಟ್ಟಬೇಕು. ಮಗಳು ಹನ್ನೆರಡನೆಯ ತರಗತಿಯ ಹೊಸ್ತಿಲಲ್ಲಿದ್ದಳು. ಆ ಹೊತ್ತಿಗೆ ದೇಶ ಬದಲಿಸಿದರೆ ಅವಳ ವರ್ಷವೇ ಹಾಳು.

"ಖಲಾಸ್ ಮಾಷ್ಟ್ರೇ" ಎಂದರು ಭಾವ. "ಇನ್ನು ಕೆಲಸ ಹಿಡಿದರೆ ಏಷ್ಯಾ ಸ್ಟಡೀಸಿನದ್ದೇ. ಇಲ್ಲದಿದ್ದರೆ ಬೇಡ."

ಮನೆಗೆ ಬೆಂಕಿ ಬಿದ್ದಿರುವಾಗ ವಿಷಯದ ಆಯ್ಕೆ! ಸಿಟ್ಟಿನಲ್ಲಿಯೇ ಕುಳಿತು ಅವರ ಪರಿಚಯಪತ್ರವನ್ನು ನಾನೇ ರಚಿಸಿದೆ. ನಾನು ಊರಿನಲ್ಲಿ ಶಾಲಾಮಾಸ್ತರನಾಗಿದ್ದವನು. ಈಗ ಮುಸಫ್ಫಾದ ತೈಲ ಸೇವಾ ಕಂಪನಿಯೊಂದರಲ್ಲಿ ಸುರಕ್ಷತಾ ಕೈಪಿಡಿಗಳನ್ನು ತಿದ್ದುವವನು. ಕ್ರಿಯಾಪದಗಳೆಲ್ಲ ಭೂತಕಾಲದಲ್ಲಿ, ಅಲ್ಪವಿರಾಮಗಳೆಲ್ಲ ಸ್ವಸ್ಥಾನದಲ್ಲಿ! ಅಂಥ ಪತ್ರ ಹಿಡಿದು ದುಬೈಯ ಹೋಟೆಲೊಂದರಲ್ಲಿ ನಡೆದ ಶಿಕ್ಷಕರ ಉದ್ಯೋಗ ಮೇಳಕ್ಕೆ ಹೋದೆವು. ಒಂದು ಮಳಿಗೆಯ ಮೇಲೆ, ಏಷ್ಯಾ ಅಧ್ಯಯನದಲ್ಲಿ ಆಸಕ್ತಿಯುಳ್ಳ ಶಿಕ್ಷಕರಿಗೆ ವಿದೇಶಗಳಲ್ಲಿ ವಿಪುಲ ಅವಕಾಶ ಎಂದು ಬರೆದಿತ್ತು. ಭಾವನ ಮುಖ ಅರಳಿತು. ಅಲ್ಲಿದ್ದ ಯುವತಿ ನನ್ನ ಅಲ್ಪವಿರಾಮಗಳನ್ನು ನೋಡಲೇ ಇಲ್ಲ. ನೋಡಿದ್ದು ಪಾಸ್‌ಪೋರ್ಟಿನ ಬಣ್ಣ!

"ಸಾರಿ ಸರ್, ಏಷ್ಯನ್ ಸ್ಟಡೀಸಿಗೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದವರೇ ಬೇಕು."

"ಏಷ್ಯಾ ಅಲ್ಲಿಗೆ ಯಾವಾಗ ಹೋಯಿತು ಮೇಡಂ? ಮೊನ್ನೆವರೆಗೆ ಇಲ್ಲೇ ಇತ್ತಲ್ಲ!"

"ಪೋಷಕರ ಅಪೇಕ್ಷೆ ಸರ್. ಬೇಕಾದರೆ ಹಿಂದಿ ಟೀಚರ್ ಪೋಸ್ಟ್ ಖಾಲಿ ಇದೆ."

"ನನಗೆ ಹಿಂದಿ ಬರೂದಿಲ್ಲ. ಟ್ಯಾಕ್ಸಿಗೆ ಸಾಕಾಗುವಷ್ಟು ಉಂಟು, ಕ್ಲಾಸಿಗೆ ಸಾಕಾಗುವಷ್ಟಿಲ್ಲ."

ಆಕೆ ನಿಜವಾಗಿಯೂ ಗಾಬರಿಯಾದಳು. "ಆದರೆ ನೀವು ಇಂಡಿಯನ್ ಅಲ್ಲವೇ?"

ಏಷ್ಯಾದಲ್ಲಿ ಹುಟ್ಟಿ, ಏಷ್ಯಾದಲ್ಲಿ ಬೆಳೆದು, ಏಷ್ಯಾದ ನೆಲದ ಮೇಲೆಯೇ ನಿಂತವನಿಗೆ ಏಷ್ಯಾವನ್ನು ಕಲಿಸುವ ಅರ್ಹತೆಯಿಲ್ಲ. ತನಗೆ ಬಾರದ ಭಾಷೆಯನ್ನು ಕಲಿಸುವ ಅರ್ಹತೆ ಮಾತ್ರ ಧಾರಾಳವಾಗಿದೆ! ಈ ತರ್ಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ? ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಉತ್ತರಿಸಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ನಾನು ಕುದಿಯುತ್ತಿದ್ದೆ. ಭಾವನೋ? ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದ ಮಲೇಷ್ಯಾದವರ ಡಬ್ಬಿಗೆ ಆಗಲೇ ಕೈಹಾಕಿದ್ದರು!

ಆದರೂ ಒಂದು ಬಾಗಿಲು ತೆರೆಯಿತು. ದುಬೈಯ ಡಿಸ್ಕವರಿ ಗಾರ್ಡನ್ಸ್ ಬಳಿಯ ಒಂದು ಶಾಲೆಯಲ್ಲಿ ಏಷ್ಯಾ ಅಧ್ಯಯನದ ಶಿಕ್ಷಕರು ನಡುವರ್ಷದಲ್ಲಿ ಬಿಟ್ಟುಹೋಗಿದ್ದರು. ಅವಸರದಲ್ಲಿದ್ದ ಶಾಲೆಯವರು ಭಾವನನ್ನು ಡೆಮೊ ಕ್ಲಾಸಿಗೆ ಕರೆದರು. ನೌಕರಿ ಕೊಡುವ ಮುನ್ನ ನಿಜವಾದ ಮಕ್ಕಳೆದುರು ಪಾಠ ಮಾಡಿಸಿ ನೋಡುವುದು ಇಲ್ಲಿನ ಪದ್ಧತಿ. ವಾರವಿಡೀ ಕುಳಿತು ನಾನು ಸ್ಲೈಡುಗಳನ್ನು ಸಿದ್ಧಪಡಿಸಿದೆ: ಶೀರ್ಷಿಕೆ, ಉಪಶೀರ್ಷಿಕೆ, ಸಾರಾಂಶ. ಲ್ಯಾಪ್‌ಟಾಪ್ ನಡೆಸುವ ನೆಪದಲ್ಲಿ ತರಗತಿಯೊಳಗೂ ಹೋದೆ. ಭಾವ ಮಾಡಿದ ಮೊದಲ ಕೆಲಸವೆಂದರೆ ಆ ಲ್ಯಾಪ್‌ಟಾಪನ್ನು ಮುಚ್ಚಿದ್ದು. ಜೀವನದಲ್ಲಿ ಅವರು ಮುಚ್ಚಿದ ಏಕೈಕ ಮುಚ್ಚಳ, ನನ್ನದು!

"ಎಲ್ಲರೂ ಲಂಚ್ ಬಾಕ್ಸ್ ತೆಗೀರಿ. ಬೇಗ ಬೇಗ, ಯಲ್ಲಾ, ಯಲ್ಲಾ!"

ಹಿಂದಿನ ಸಾಲಿನಲ್ಲಿ ಕುಳಿತು ಪಾಠ ನೋಡುತ್ತಿದ್ದ ಶಾಲೆಯ ಸಂಯೋಜಕರು ಹುಬ್ಬೇರಿಸಿದರು. ಮಂಗಳೂರು ಕಡೆಯ ಹುಡುಗಿಯೊಬ್ಬಳು ಡಬ್ಬಿಯನ್ನು ಮೇಜಿನ ಕೆಳಗೆ ಅಡಗಿಸಿದಳು.

"ಸರ್, ಇಟ್ಸ್ ಜಸ್ಟ್ ಕರ್ಡ್ ರೈಸ್!"

"ಜಸ್ಟಾ? ಹೋಗು, ಅವನದ್ದರ ಪಕ್ಕ ಇಡು" ಎಂದರು ಭಾವ. ಅವನು ಇರಾನಿನ ಹುಡುಗ. ಅವನದು ತಳ ಹಿಡಿಸಿ ಗರಿಗರಿ ಮಾಡಿದ ಅನ್ನ. ಕೊರಿಯಾದವಳದು ಕಡಲಪಾಚಿಯಲ್ಲಿ ಸುತ್ತಿದ ಅನ್ನ, ಲಾಹೋರಿನವನದು ಬಿರಿಯಾನಿ. ಡಬ್ಬಿಗೊಂದು ಚುಕ್ಕೆಯಂತೆ ಭಾವ ಹಲಗೆಯ ಮೇಲೆ ಗುರುತು ಹಾಕುತ್ತ ಹೋದರು. ಚುಕ್ಕೆಗಳ ನಡುವೆ ನದಿ ಹರಿಯಿತು, ಹಡಗು ಹೊರಟಿತು, ವ್ಯಾಪಾರಿಗಳು ಜಗಳವಾಡಿದರು. ಯಾರ ಅನ್ನ ಹಳೆಯದೆಂದು ಮಕ್ಕಳೂ ಜಗಳವಾಡಿದರು. ಗಂಟೆ ಬಾರಿಸಿದರೂ ಒಬ್ಬರೂ ಏಳಲಿಲ್ಲ. ಹಲಗೆಯ ಮೇಲೆ ಒಂದು ಖಂಡ ಮೂಡಿತ್ತು. ಸಿಟ್ಟಿನಲ್ಲಿಯೂ ನಾನು ಅದನ್ನು ಒಪ್ಪಲೇಬೇಕು.

"ಅದ್ಭುತ!" ಎಂದರು ಸಂಯೋಜಕರು. "ಆದರೆ ಡಬ್ಬಿ ಹಂಚಿಕೊಳ್ಳುವುದು ನಿಯಮಬಾಹಿರ. ಮೇಲಾಗಿ ಪಾಸ್‌ಪೋರ್ಟಿನ ವಿಷಯ ನಿಮಗೆ ಗೊತ್ತೇ ಇದೆ. ಸಹಾಯಕರಾಗಿ ಬನ್ನಿ. ಪಾಠ ನೀವು ತಯಾರಿಸಿ ಕೊಡಿ. ತರಗತಿಯಲ್ಲಿ ಹೇಳುವವರು ಬೇರೆ ಬರುತ್ತಾರೆ."

ಕಾರಿನಲ್ಲಿ ಭಾವ ಸಿಡಿದರು. "ಅಡಿಗೆ ನನ್ನದು, ಬಡಿಸುವವ ಬೇರೆಯಾ? ಆಗ್ಲಿಕ್ಕಿಲ್ಲ!"

"ನಿಮ್ಮ ಅಭಿಮಾನಕ್ಕೆ ಮಗಳ ವರ್ಷ ಹಾಳಾಗಬೇಕೇ?" ಎಂದು ದುಬೈ ಅಂಚಿನ ಜೆಬೆಲ್ ಅಲಿಯಿಂದ ಅಬುಧಾಬಿಯವರೆಗೂ ನಾನು ಅರಚಿದೆ.

ಮರುದಿನ ಅಕ್ಕ ಪಾಯಸ ಮಾಡಿದ್ದಳು. ಗಂಡನಿಗೆ ಏಷ್ಯಾ ಅಧ್ಯಯನದ ಶಿಕ್ಷಕನ ಹುದ್ದೆ ಸಿಕ್ಕಿತೆಂದು! ನಾನು ಭಾವನ ಮುಖ ನೋಡಿದೆ. ಅವರು ನನ್ನನ್ನು ಬಾಲ್ಕನಿಗೆ ಕರೆದೊಯ್ದರು. "ಒಪ್ಪಿಕೊಂಡೆ. ಆದ್ರೆ ಅಸಿಸ್ಟೆಂಟ್ ಅಂತ ಮನೆಯಲ್ಲಿ ಹೇಳ್ಬೇಡಿ ಮಾಷ್ಟ್ರೇ. ಮಗಳಿಗಂತೂ ಬೇಡ. ಬೋರ್ಡ್ ಎಕ್ಸಾಮ್ ಮುಗೀಲಿ."

ಹೀಗೆ ವರ್ಷವಿಡೀ ಭಾವ ಬಸ್ಸು ಹತ್ತಿ ದುಬೈಗೆ ಹೋಗಿ, ತರಗತಿಯ ಹಿಂದಿನ ಗೋಡೆಗೆ ಒರಗಿ ನಿಂತು, ತಾವು ಬರೆದ ಪಾಠವನ್ನು ಇನ್ನೊಬ್ಬರ ಬಾಯಿಂದ ಕೇಳಿ ಬರುತ್ತಿದ್ದರು. ಸಂಜೆ ಮನೆಗೆ ಬಂದವರೇ ಅದೇ ಪಾಠವನ್ನು ಮಗಳಿಗೆ ಆರಂಭದಿಂದ ಮಾಡುತ್ತಿದ್ದರು. ಅವಳು ಓದುತ್ತಿದ್ದುದು ವಾಣಿಜ್ಯ! ಲೆಕ್ಕಶಾಸ್ತ್ರದ ಪುಸ್ತಕ ಮಡಚಿಟ್ಟು ರೇಷ್ಮೆ ದಾರಿಯಲ್ಲಿ ಒಂಟೆಗಳ ಹಿಂದೆ ನಡೆಯಬೇಕು. ಇದೆಂಥ ಅನ್ಯಾಯ! ಅವಳ ವರ್ಷ ಉಳಿಸಲೆಂದು ಹಿಡಿದ ಕೆಲಸದಿಂದಲೇ ಅವಳ ವರ್ಷ ಹಾಳಾಗಬೇಕೇ? ನಾನು ಗದರಿಸಿದಾಗಲೆಲ್ಲ ಭಾವ ಕಣ್ಣು ತಪ್ಪಿಸುತ್ತಿದ್ದರು. ಅವಳು ಮಾತ್ರ "ಇಟ್ಸ್ ಓಕೆ ಮಾಮ" ಎಂದು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದಳು.

ಕೊನೆಯ ಪರೀಕ್ಷೆಯ ದಿನ ಅವಳನ್ನು ಕರೆತರಲು ನಾನೇ ಹೋಗಿದ್ದೆ. ಅಷ್ಟರಲ್ಲಿ ವಿಯೆಟ್ನಾಮಿನ ಹನೋಯಿಯ ಶಾಲೆಯೊಂದು ವೀಡಿಯೊ ಕರೆಯಲ್ಲಿ ಭಾವನ ಪಾಠ ಕೇಳಿ, ಸಹಾಯಕನಾಗಿ ಅಲ್ಲ, ಶಿಕ್ಷಕನಾಗಿಯೇ ಬನ್ನಿ ಎಂದಿತ್ತು. ಮಗಳ ಪರೀಕ್ಷೆ ಮುಗಿಯುವವರೆಗೆ ಬರಲಾರೆ ಎಂದು ಭಾವ ಅವರನ್ನು ಕಾಯಿಸಿದ್ದರು. ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಅಂಕ ಕಡಿಮೆಯಾದರೆ ಆ ಒಂಟೆಗಳನ್ನೇ ಕೇಳು" ಎಂದೆ.

ಅವಳು ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ಮಾಮ, ಐ ನೋ. ಪಪ್ಪ ಅಸಿಸ್ಟೆಂಟ್ ಅಂತ. ಫಸ್ಟ್ ವೀಕೇ ಸ್ಕೂಲ್ ವೆಬ್‌ಸೈಟಲ್ಲಿ ನೋಡಿದ್ದೆ."

"ಮತ್ತೆ ದಿನಾ ಯಾಕೆ ಕೂತೆ?"

"ಅಲ್ಲಿ ಪಪ್ಪನಿಗೆ ಮಾತಾಡ್ಲಿಕ್ಕೆ ಬಿಡುದಿಲ್ಲಲ್ಲ ಮಾಮ. ಸಮ್‌ಬಡಿ ಹ್ಯಾಡ್ ಟು ಬಿ ದ ಕ್ಲಾಸ್."

ಸಿಗ್ನಲ್ ಹಸಿರಾದದ್ದೂ ತಿಳಿಯದೆ ಹಿಂದಿನವರಿಂದ ಹಾರ್ನ್ ಮಾಡಿಸಿಕೊಂಡೆ.

ಮನೆಗೆ ಬಂದಾಗ ಭಾವ ರಾಜೀನಾಮೆ ಕೊಟ್ಟು ಆಗಲೇ ಬಂದಿದ್ದರು. ಇನ್ನು ಪಾಠಕ್ಕೆ ಕಾರಣವೇ ಇರಲಿಲ್ಲ. ಅವಳು ಚೀಲ ಮೂಲೆಗೆಸೆದು ನೆಲದ ಮೇಲೆ ಕುಳಿತಳು. "ಪಪ್ಪ, ಇವತ್ತಿನ ಕ್ಲಾಸ್?"

ಭಾವ ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಚಪ್ಪಲಿ ಬಿಟ್ಟು, ಅವಳ ಪಕ್ಕದಲ್ಲಿ, ನೆಲದ ಮೇಲೆ ಕೈಕಟ್ಟಿ ಕುಳಿತೆ. ಅದು ೨೦೧೫ನೆಯ ಇಸವಿ, ಏಪ್ರಿಲ್ ತಿಂಗಳ ಒಂಬತ್ತನೆಯ ತಾರೀಖು, ಗುರುವಾರ.