ಗಾಡಿ ಓಡಿಸೋದು ನಾನೇ

ಸ್ಟೇರಿಂಗ್ ಹಿಡಿದು ಕೂತಿರೋಳು ನಾನಾದರೂ ಜನ ಮಾತಾಡಿಸೋದು ಮಾತ್ರ ಪಕ್ಕದ ಸೀಟಿನವರನ್ನ. ಬಂಕಿನ ಹುಡುಗ "ಎಷ್ಟಕ್ಕೆ ಹಾಕ್ಲಿ ಸಾರ್" ಅಂತ ನಮ್ಮ ಯಜಮಾನರನ್ನ ಕೇಳುತ್ತಾನೆ. ಟ್ರಾಫಿಕ್ ಪೊಲೀಸು ಅವರ ಕಿಟಕಿ ತಟ್ಟಿ ಲೈಸೆನ್ಸ್ ಕೇಳುತ್ತಾರೆ. ಪಾಪ, ನಮ್ಮ ಯಜಮಾನರಿಗೆ ಗಾಡಿ ಓಡಿಸೋಕೇ ಬರೋದಿಲ್ಲ. ಅವರು ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಓಡಿಸೋಳು ನಾನು. ಸಮೇತನಹಳ್ಳಿ ಕಡೆಯ ಮಕ್ಕಳನ್ನ ಹೊಸಕೋಟೆ ಸ್ಕೂಲಿಗೆ ಬಿಡೋ ವ್ಯಾನು ನನ್ನದಿತ್ತು. ಬೆಳಿಗ್ಗೆ ಹೊಸಕೋಟೆಗೆ, ಸಾಯಂಕಾಲ ಊರಿಗೆ, ಹೀಗೇ ಇಪ್ಪತ್ತು ವರ್ಷ. ಓಡಿದ ದೂರ ಕೂಡಿಸಿದ್ದರೆ ಭೂಮಿಯನ್ನೇ ಎಷ್ಟೋ ಸುತ್ತು ಹಾಕಬಹುದಿತ್ತು. ನಾನು ಮಾತ್ರ ಹೊಸಕೋಟೆ ದಾಟಿರಲಿಲ್ಲ.

ವ್ಯಾನು ಮಾರಿದ ದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ನ್ಯೂಜಿಲೆಂಡಿನದು. ಒಂದು ಕಡೆ ಕೆರೆ, ಇನ್ನೊಂದು ಕಡೆ ಹಿಮದ ಬೆಟ್ಟ, ನಡುವೆ ರಸ್ತೆ. ಎಷ್ಟು ಹೊತ್ತು ನೋಡಿದರೂ ಒಂದೇ ಒಂದು ಹಂಪ್ ಬರಲಿಲ್ಲ. ಅಲ್ಲಿಗೆ ಹೋಗಬೇಕು, ಬಾಡಿಗೆಗೆ ಗಾಡಿ ತಗೋಬೇಕು, ಮೂರು ವಾರ ನಾನೇ ಓಡಿಸಿಕೊಂಡು ಸುತ್ತಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ. ಅಲ್ಲಿಂದ ಶುರುವಾಯಿತು ನೋಡಿ.

ಭಾನುವಾರದ ಊಟ

ಮೊದಲು ಸುದ್ದಿ ಮುಟ್ಟಿಸಬೇಕಾಗಿದ್ದು ಭಾವನವರಿಗೆ, ಅಂದರೆ ನಮ್ಮ ಯಜಮಾನರ ಅಣ್ಣನಿಗೆ. ಪಕ್ಕದ ಮನೆಯಲ್ಲೇ ಇರುತ್ತಾರೆ. ಅವರನ್ನ ಕೇಳದೆ ನಮ್ಮಲ್ಲಿ ಬೋರ್‌ವೆಲ್ಲೂ ಕೊರೆಸಿಲ್ಲ, ಮದುವೆಯೂ ಮಾಡಿಲ್ಲ. ಭಾನುವಾರ ಊಟಕ್ಕೆ ಕರೆದು, ಮುದ್ದೆ ಬಡಿಸಿ, ಸಾರು ಹಾಕಿ, ಅವರು ಎರಡು ತುತ್ತು ನುಂಗೋವರೆಗೂ ಕಾದು ಹೇಳಿದೆ.

ಭಾವ ಮುದ್ದೆ ಮುರಿಯೋದನ್ನ ನಿಲ್ಲಿಸಿದರು. "ಆ ದುಡ್ಡಲ್ಲಿ ಮೇಲೊಂದು ಮನೆ ಕಟ್ಟಿ ಬಾಡಿಗೆಗೆ ಬಿಡ್ಬಹುದಲ್ಲಮ್ಮ."

"ಬಾಡಿಗೆಯವರು ಬಂದ್ರೆ ಅವರನ್ನ ನೋಡ್ಕೊಂಡು ಮನೇಲೇ ಕೂರ್ಬೇಕು ಭಾವ."

"ಹೋಗ್ಲಿ, ಅಲ್ಲಿ ಗಾಡಿ ಯಾರು ಓಡ್ಸೋದು?"

"ನಾನೇ."

"ಹೆಂಗಸು, ಗೊತ್ತಿಲ್ಲದ ದೇಶ. ಕಾಡಲ್ಲಿ ಗಾಡಿ ಪಂಚರ್ ಆಯ್ತು ಅನ್ಕೋ. ಕಳ್ಳರು ಬಂದ್ರು ಅನ್ಕೋ. ಜೊತೇಲಿ ಒಬ್ಬ ಗಂಡಸಾದ್ರೂ ಬೇಡ್ವಾ?"

ನಮ್ಮ ಯಜಮಾನರು ತಟ್ಟೆಯಿಂದ ತಲೆ ಎತ್ತಿ ಮೆಲ್ಲಗೆ ಹೇಳಿದರು: "ಅಣ್ಣ, ನಾನೂ ಹೋಗ್ತಾ ಇದೀನಿ."

ಕಂಪ್ಯೂಟರ್ ಮಾಡಿದ್ದು

ಹೊಸಕೋಟೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೇಕರಿ ಮೇಲೆ ಟಿಕೆಟ್ ಬುಕ್ ಮಾಡೋ ಆಫೀಸು. ಅಲ್ಲಿದ್ದ ಏಜೆಂಟು ನನ್ನ ಮಾತು ಕೇಳಿ, ಜ್ವರ ಬಂದವರನ್ನ ನೋಡೋ ಹಾಗೆ ನೋಡಿದ.

"ನ್ಯೂಜಿಲೆಂಡ್ ಯಾಕೆ ಆಂಟಿ? ಸಿಂಗಪುರ್, ಮಲೇಶಿಯಾ ಪ್ಯಾಕೇಜ್ ಮಾಡ್ಕೊಡ್ತೀನಿ. ಎಸಿ ಬಸ್ಸು, ಬೆಳಿಗ್ಗೆ ಇಡ್ಲಿ, ರಾತ್ರಿ ಅನ್ನ ಸಾರು. ಬಸ್ಸಲ್ಲಿ ಸುಮ್ನೆ ಕೂತಿದ್ರೆ ಆಯ್ತು."

ಬಸ್ಸು ಅಂದಿದ್ದೇ ನಮ್ಮ ಯಜಮಾನರ ಮುಖ ಸಪ್ಪಗಾಯಿತು. "ಬಸ್ ಬೇಡಪ್ಪ. ಹತ್ತಿದ ತಕ್ಷಣ ಯಾರು ಟಿಕೆಟ್ ತಗೊಂಡಿಲ್ಲ ಅಂತ ನೋಡಕ್ಕೆ ಶುರು ಮಾಡ್ತೀನಿ. ಅದು ರಜಾ ಅಲ್ಲ, ಡ್ಯೂಟಿ."

ಕೊನೆಗೆ ಒಪ್ಪಿ ಗಾಡಿ ಬುಕ್ ಮಾಡಿ ಪ್ರಿಂಟು ಕೊಟ್ಟ. ನೋಡಿದರೆ ಡ್ರೈವರ್ ಅನ್ನೋ ಕಡೆ ಯಜಮಾನರ ಹೆಸರು.

"ಗಂಡಸ್ರ ಹೆಸರಿದ್ರೆ ಸೇಫು ಆಂಟಿ."

"ಇವರು ಸ್ಟೇರಿಂಗ್ ಹಿಡಿದ್ರೆ ಆ ದೇಶದಲ್ಲಿ ಯಾರೂ ಸೇಫಲ್ಲಪ್ಪ. ನನ್ನ ಹೆಸರು ಹಾಕು."

ಹಾಕಿದ. ಎರಡನೇ ಪ್ರಿಂಟಿನಲ್ಲಿ ನನ್ನ ಹೆಸರೇನೋ ಇತ್ತು, ಅದರ ಹಿಂದೆ ಮಿಸ್ಟರ್ ಅಂತಲೂ ಇತ್ತು. "ಡ್ರೈವರ್ ಅಂದ್ರೆ ಕಂಪ್ಯೂಟರೇ ಹಂಗ್ ತಗೊಳ್ತು ಆಂಟಿ" ಅಂದ. ಸರಿ ಮಾಡೋವರೆಗೂ ಏಳೋದಿಲ್ಲ ಅಂತ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ. ಅಷ್ಟರಲ್ಲಿ ಯಜಮಾನರು ಕನ್ನಡಕ ಹಾಕಿಕೊಂಡು ಕೆಳಗಿನ ಸಾಲು ಓದಿದರು. ಕಂಪ್ಯೂಟರು ಲೆಕ್ಕ ಸರಿದೂಗಿಸಲು ಅವರನ್ನ ಮಿಸೆಸ್ ಮಾಡಿತ್ತು.

ಏಜೆಂಟು ಗಾಬರಿಯಾಗಿ ಅಳಿಸೋಕೆ ಹೋದ. ಯಜಮಾನರು ಅವನ ಕೈ ಹಿಡಿದುಕೊಂಡರು. "ನಂದು ಹಂಗೇ ಇರ್ಲಿ ಬಿಡಪ್ಪ. ಇದನ್ನ ತೋರಿಸಿದ್ರೆ ಬಸ್ಸಲ್ಲಿ ಫ್ರೀ ಬಿಡ್ತಾರೇನೋ."

ಪರ್ಮಿಟ್ಟು

ಬೇರೆ ದೇಶದಲ್ಲಿ ಓಡಿಸೋಕೆ ಆರ್‌ಟಿಓ ಆಫೀಸಿನಿಂದ ಒಂದು ಪರ್ಮಿಟ್ ಬೇಕು. ಹೋದೆವು. ಕೌಂಟರಿನಲ್ಲಿದ್ದ ಕ್ಲರ್ಕು ಪೇಪರೆಲ್ಲ ನೋಡಿ, ವಾಡಿಕೆಯಂತೆ ಯಜಮಾನರ ಕಡೆ ತಿರುಗಿ "ಸಾರ್, ಇಲ್ಲೊಂದು ಸೈನ್ ಮಾಡಿ" ಅಂದ.

"ನಾನು ಪ್ಯಾಸೆಂಜರ್. ಡ್ರೈವರ್ ಅವರು."

ಕ್ಲರ್ಕು ನನ್ನನ್ನ ದಿಟ್ಟಿಸಿ ನೋಡಿದ. ನನಗೆ ರೇಗಿತು. "ಯಾಕೆ, ನಾನು ಓಡಿಸ್ಬಾರ್ದಾ? ಹೊಸಕೋಟೆ ಸಂತೆ ದಿನ, ಟೊಮೇಟೊ ಲಾರಿಗಳ ನಡುವೆ, ವ್ಯಾನ್ ತುಂಬಾ ಮಕ್ಕಳನ್ನ ಇಟ್ಕೊಂಡು ರಿವರ್ಸ್ ತಗೊಂಡಿದೀನಿ ನಾನು. ಆ ದೇಶದಲ್ಲಿ ಜನಕ್ಕಿಂತ ಕುರಿ ಜಾಸ್ತಿಯಂತೆ. ಕುರಿಗೆ ಹೆದರ್ಲಾ?"

ಅವನು ಎದ್ದು ನಿಂತ. "ವ್ಯಾನ್ ಆಂಟಿ ಅಲ್ವಾ ನೀವು?"

ಆಗ ಗುರುತು ಸಿಕ್ಕಿತು. ಸೆಕೆಂಡ್ ಸ್ಟ್ಯಾಂಡರ್ಡಿನಲ್ಲಿದ್ದಾಗ ದಿನಾ ನನ್ನ ಗಾಡಿಯಲ್ಲಿ ವಾಂತಿ ಮಾಡುತ್ತಿದ್ದ ಆಸಾಮಿ. ಅವನಿಗೋಸ್ಕರ ಸೀಟಿನ ಕೆಳಗೆ ಒಂದು ಬಕೆಟ್ಟೇ ಇಟ್ಟಿರುತ್ತಿದ್ದೆ. ಈಗ ಮೀಸೆ ಬಿಟ್ಟು ಗುಂಡಗಾಗಿದ್ದ. ಕುರ್ಚಿ ತರಿಸಿದ, ಕಾಫಿ ತರಿಸಿದ. ಕೊನೆಗೆ ಪರ್ಮಿಟ್ ಕೈಗೆ ಕೊಡುತ್ತಾ ಆ ಕಡೆ ಈ ಕಡೆ ನೋಡಿ, ನನ್ನ ಹತ್ತಿರ ಬಗ್ಗಿದ.

"ಆಂಟಿ, ಅಂಕಲ್ ಬೇರೆ ಜೊತೇಲಿರ್ತಾರೆ. ಬ್ರೇಕ್ ಮಾತ್ರ ಸ್ವಲ್ಪ ಮೆಲ್ಲಗೆ ಹಾಕಿ."

ಚಕ್ರದ ಮನೆ

ನಾವು ಬುಕ್ ಮಾಡಿದ್ದು ಬರೀ ಕಾರಲ್ಲ. ಒಳಗೇ ಒಲೆ, ಮಂಚ, ಕಕ್ಕಸು ಎಲ್ಲ ಇರೋ ಮನೆಯಂಥ ವ್ಯಾನು. ರಾತ್ರಿಯಾದರೆ ಎಲ್ಲೋ ಒಂದು ಕಡೆ ನಿಲ್ಲಿಸಿ ಅದರಲ್ಲೇ ಮಲಗೋದು. ನಮ್ಮ ಅತ್ತೆಗೆ ಎಂಬತ್ತು ದಾಟಿದೆ, ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಫೋನಿನಲ್ಲಿ ತೋರಿಸಿದೆ. ಭಾವನವರೂ ಅಲ್ಲೇ ಇದ್ದರು, ತಾಯಿ ಬೈಯಲಿ ಅಂತ ಕಾಯುತ್ತಾ.

ಅತ್ತೆ ಫೋನನ್ನ ದೂರ ಹಿಡಿದು ನೋಡಿದರು. "ಇದು ಒಲೆನಾ?"

"ಹೂಂ ಅತ್ತೆ."

"ಒಲೆ ಪಕ್ಕದಲ್ಲೇ ಮಲಗೋದಾ?"

"ಹೂಂ."

"ಕಾಲು ಚಾಚಿದ್ರೆ ಬಾಗಿಲು?"

"ಹೂಂ."

"ನೋಡವ್ವ, ನೀನೇ ಹೇಳು," ಭಾವ ಬಾಯಿ ಹಾಕಿದರು. "ದುಡ್ಡು ಕೊಟ್ಟು ಇಂಥಾದ್ರಲ್ಲಿ ಇರಕ್ಕೆ ಹೋಗ್ತಾರಂತೆ."

ಅತ್ತೆ ಫೋನು ವಾಪಸ್ ಕೊಟ್ಟರು. "ನಾನು ಮದುವೆಯಾಗಿ ಬಂದಾಗ ನಿಮ್ಮಪ್ಪನ ಮನೆ ಇದಕ್ಕಿಂತ ಚಿಕ್ಕದಿತ್ತು ಕಣೋ. ಒಲೆ ಪಕ್ಕದಲ್ಲೇ ಮಲಗ್ತಿದ್ದೆ. ಕಕ್ಕಸಂತೂ ಇರ್ಲೇ ಇಲ್ಲ." ಆಮೇಲೆ ಎಲೆಯಡಿಕೆ ಚೀಲ ಬಿಚ್ಚುತ್ತಾ ಅಂದರು: "ಅದಕ್ಕೂ ಚಕ್ರ ಇದ್ದಿದ್ರೆ, ನಾನೂ ಯಾವತ್ತೋ ಓಡಿಸ್ಕೊಂಡು ಹೊರಟೋಗ್ತಿದ್ದೆ."

ಆರ್ಕೆಸ್ಟ್ರಾ

ಒಂದು ಬೆಳಿಗ್ಗೆ ಆ ದೇಶದಿಂದಲೇ ಫೋನು. ಗಾಡಿ ಕೊಡೋ ಕಂಪನಿಯ ಹೆಂಗಸು. ವ್ಯಾನಿನ ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಮಾತಾಡಿ ಮಾತಾಡಿ ನನಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತೆ. ಆಕೆ ಎಲ್ಲ ವಿಚಾರಿಸಿಕೊಂಡು, ನಿಮ್ಮ ಗಂಡನೂ ಡ್ರೈವರ್ರಾ ಅಂತ ಕೇಳಿದಳು.

"ಇಲ್ಲ, ಅವರು ಕಂಡಕ್ಟರ್" ಅಂದೆ.

ಆಕೆಗೆ ಭಾರೀ ಖುಷಿಯಾಯಿತು. ಯಾವ ಆರ್ಕೆಸ್ಟ್ರಾ ಅಂತ ಕೇಳಿದಳು. ಆರ್ಕೆಸ್ಟ್ರಾ ಯಾಕೆ ಬಂತು ಅಂತ ನನಗೆ ತಿಳಿಯಲಿಲ್ಲ. ನಮ್ಮಲ್ಲಿ ಗಣೇಶನ ಹಬ್ಬಕ್ಕೆ ಮಾತ್ರ ಆರ್ಕೆಸ್ಟ್ರಾ ತರಿಸ್ತೀವಿ, ಉಳಿದ ದಿನ ಇವರು ಬಸ್ಸಲ್ಲೇ ಇರ್ತಿದ್ರು ಅಂತ ಹೇಳಿದೆ. ಊರೂರು ತಿರುಗೋ ಕಲಾವಿದರಾ ಅಂದಳು. ಹೌದು, ಮೆಜೆಸ್ಟಿಕ್ಕಿನಿಂದ ಹೊಸಕೋಟೆವರೆಗೆ ಅಂದೆ.

ಮಧ್ಯಾಹ್ನ ಏಜೆಂಟು ಫೋನ್ ಮಾಡಿದ. ಕಂಪನಿಯವರು ಮೇಲ್ ಕಳಿಸಿದ್ದರಂತೆ. ವಾದ್ಯದವರ ಮುಂದೆ ನಿಂತು ಕೋಲು ಆಡಿಸೋರನ್ನೂ ಅಲ್ಲಿ ಕಂಡಕ್ಟರ್ ಅಂತಾರಂತೆ. ನಮ್ಮ ಯಜಮಾನರು ಅಂಥ ದೊಡ್ಡ ಮನುಷ್ಯರು ಅಂತ ತಿಳಿದು, ಜೊತೆಯಲ್ಲಿ ಏನಾದರೂ ವಾದ್ಯ ತರುತ್ತಾರಾ, ಇಡೋಕೆ ಜಾಗ ಮಾಡಬೇಕಾ ಅಂತ ಕೇಳಿದ್ದರು.

ಯಜಮಾನರು ಗಂಭೀರವಾಗಿ ಯೋಚನೆ ಮಾಡಿದರು. "ಏನೂ ಇಲ್ಲ ಅಂತ ಬರಿಯಪ್ಪ. ಟಿಕೆಟ್ ಮಿಷನ್ನು ರಿಟೈರ್ ಆದಾಗ ಡಿಪೋಗೆ ವಾಪಸ್ ಕೊಟ್ಟುಬಿಟ್ಟೆ."

ಅಮ್ಮನ ಹೂವು

ಟಿಕೆಟ್ಟು, ವೀಸಾ ಎಲ್ಲ ಆದ ಮೇಲೂ ಭಾವ ಬಿಡಲಿಲ್ಲ. "ಅಮ್ಮನ ಹತ್ರ ಹೂವು ಕೇಳೋಣ. ಅವಳು ಹೂಂ ಅಂದ್ರೆ ನಾನು ಬಾಯಿ ಬಿಡಲ್ಲ" ಅಂದರು. ಊರಾಚೆ ಅಮ್ಮನ ಗುಡಿಯಲ್ಲಿ ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಕೈ ಮುಗಿದು ನಿಲ್ಲಬೇಕು. ಬಲಗಡೆ ಹೂವು ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಬೇಡ ಅಂತ ಅರ್ಥ.

ಶುಕ್ರವಾರ ಎಲ್ಲರೂ ಹೋದೆವು. ಗುಡಿ ತುಂಬಾ ಜನ. ಪೂಜಾರಪ್ಪ ಮಂಗಳಾರತಿ ಎತ್ತಿದರು. ನಾನು ಕಣ್ಣು ಮುಚ್ಚಿ ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಯಾರೋ ನಿಟ್ಟುಸಿರು ಬಿಟ್ಟರು. ಕಣ್ಣು ಬಿಟ್ಟರೆ, ಕೆಂಪು ಕಣಗಲೆ ಹೂವು ನೆಟ್ಟಗೆ ಎಡಗಡೆ ಬಿದ್ದಿತ್ತು.

ಭಾವನವರ ಮುಖ ಹೊಸಕೋಟೆ ಕೆರೆ ಕೋಡಿ ಬಿದ್ದ ಹಾಗಾಯಿತು. "ನೋಡ್ದೇನಮ್ಮ? ಅಮ್ಮನೇ ಬೇಡ ಅಂದ್ಲು."

"ಬೇಡ ಅಂದಿಲ್ಲ ಭಾವ. ಹೋಗ್ಲಾ ಬೇಡ್ವಾ ಅಂತ ನಾನು ಕೇಳೇ ಇಲ್ಲ. ಟಿಕೆಟ್ ಆದ್ಮೇಲೆ ಅದೇನು ಕೇಳೋದು? ಆ ದೇಶದಲ್ಲಿ ಗಾಡಿ ಯಾವ ಕಡೆ ಓಡಿಸ್ಲಿ ತಾಯಿ ಅಂತ ಕೇಳ್ದೆ."

ಪೂಜಾರಪ್ಪ ಆರತಿ ತಟ್ಟೆ ಹಿಡಿದುಕೊಂಡೇ ಕೇಳಿದರು: "ಅಲ್ಲಿ ಯಾವ ಕಡೆ ಓಡಿಸ್ತಾರಮ್ಮ?"

"ನಮ್ಮ ಥರಾನೇ, ಎಡಗಡೆ."

ಪೂಜಾರಪ್ಪ ಸಾಲಿನಲ್ಲಿ ನಿಂತಿದ್ದವರ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ನಮ್ಮಮ್ಮನಿಗೆ ಫಾರಿನ್ ರೂಲ್ಸೂ ಗೊತ್ತು."

ಕೆರೆ ಪಕ್ಕದ ರಸ್ತೆ

ಹೋದೆವು. ಕೌಂಟರಿನಲ್ಲಿ ಗಾಡಿಯ ಕೀ ನನ್ನ ಕೈಗೇ ಕೊಟ್ಟರು. ಆ ಕ್ಷಣ ಒಂದು ಫೋಟೋ ತೆಗೆಸಿಕೊಂಡೆ, ಬೇರೆ ಯಾರಿಗೂ ಅಲ್ಲ, ನನಗೇ ಅಂತ.

ಎರಡನೇ ದಿನ ಕೆರೆ ಪಕ್ಕದ ರಸ್ತೆ ಸಿಕ್ಕಿತು. ನೀಲಿ ನೀರು, ಬೆಟ್ಟದ ಮೇಲೆ ಹಿಮ. ಮಕ್ಕಳನ್ನ ಕೂರಿಸಿಕೊಂಡು ಓಡಿಸಿದ ಕಾಲು ನನ್ನದು, ಆಕ್ಸಿಲರೇಟರ್ ಮೇಲೆ ಜೋರಾಗಿ ಕೂರೋದೇ ಇಲ್ಲ. ನಿಧಾನವಾಗಿ ಹೋಗುತ್ತಿದ್ದೆ. ಒಳಗಿನ ಕನ್ನಡಿಯಲ್ಲಿ ಕಾಣುತ್ತಿದ್ದದ್ದು ನಮ್ಮ ಒಲೆ ಮತ್ತು ಒಣಹಾಕಿದ ಯಜಮಾನರ ಪಂಚೆ. ಹೊರಗಿನ ಕನ್ನಡಿ ನೋಡೋಕೆ ಆ ಕೆರೆ ಬಿಡಬೇಕಲ್ಲ. "ಇಷ್ಟು ದೊಡ್ಡ ರಸ್ತೆ, ನಾವಿಬ್ಬರೇ ನೋಡು" ಅಂದರು ಯಜಮಾನರು.

ಅಷ್ಟರಲ್ಲಿ ಪೊಲೀಸ್ ಗಾಡಿ ಬಂದು ಪಕ್ಕಕ್ಕೆ ಹಾಕಿ ಅಂತ ಸನ್ನೆ ಮಾಡಿತು. ಎತ್ತರದ ಒಬ್ಬ ಪೊಲೀಸು ಇಳಿದು ಬಂದು, ಬಹಳ ಮರ್ಯಾದೆಯಿಂದ ಹುಷಾರಾಗಿದ್ದೀರಾ, ಗಾಡಿಗೇನಾದರೂ ತೊಂದರೆಯಾ ಅಂತ ಕೇಳಿದ. ಎಲ್ಲ ಚೆನ್ನಾಗಿದೆ ಅಂದೆ. ಹಾಗಾದರೆ ಒಂದು ಸಲ ಇಳಿದು ಹಿಂದೆ ನೋಡಿ ಅಂದ.

ನೋಡಿದೆ. ಕಾರುಗಳು, ಲಾರಿಗಳು, ದೋಣಿ ಎಳೆದುಕೊಂಡು ಬಂದ ಜೀಪುಗಳು, ಬೆಟ್ಟದ ತಿರುವಿನವರೆಗೂ ಸಾಲು. ಹಿಂದಿನ ಊರಿನಿಂದಲೂ ನಮ್ಮ ಬೆನ್ನಿಗೇ ಬರುತ್ತಿದ್ದರಂತೆ.

"ಮತ್ತೆ ಒಬ್ಬರೂ ಹಾರನ್ ಹೊಡೀಲಿಲ್ಲವಲ್ಲ?" ಅಂದೆ. ಹಾರನ್ ಇಲ್ಲ ಅಂದರೆ ಹಿಂದೆ ಯಾರೂ ಇಲ್ಲ ಅಂತ ತಾನೇ ಅರ್ಥ? ಇಲ್ಲಿ ಹಾಗೆ ಹೊಡೆಯೋದಿಲ್ಲ ಅಂದ ಪೊಲೀಸು.

"ನಿಧಾನ ಓಡಿಸೋದು ತಪ್ಪಾ?"

ತಪ್ಪಲ್ಲ, ಆಗಾಗ ಪಕ್ಕಕ್ಕೆ ನಿಂತು ದಾರಿ ಬಿಟ್ಟರೆ ಸಾಕು ಅಂದ. ಸರಿ ಅಂತ ನಿಂತೆವು. ಗಾಡಿಗಳು ಒಂದೊಂದಾಗಿ ಮುಂದೆ ಹೊರಟವು. ದಾರಿ ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳೋಕೆ ಪ್ರತಿಯೊಬ್ಬರೂ ದಾಟುವಾಗ ಪೀಂ ಅಂತ ಒಂದು ಸಣ್ಣ ಹಾರನ್ ಹೊಡೆದರು. ಅಲ್ಲಿಯ ರೂಢಿ ಅದು. ನಮ್ಮ ಯಜಮಾನರಿಗೆ ಇದು ಹೇಗೆ ಗೊತ್ತಾಗಬೇಕು? ಹೆಂಡತಿಯನ್ನ ಬೈಯುತ್ತಿದ್ದಾರೆ ಅಂದುಕೊಂಡರು. ಪೊಲೀಸ್ ಬಂದ ಮೇಲೆ ಇವರಿಗೆಲ್ಲ ಧೈರ್ಯ ಬಂತು ಅಂದುಕೊಂಡರು. ಖಾಲಿಯಿದ್ದ ನನ್ನ ಸೀಟಿಗೆ ಸರಿದು, ರಸ್ತೆ ಕಡೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರು.

"ಏನ್ ಗುರು, ಈಗ ಬಂತಾ ಪೌರುಷ? ಹೋಗು, ಹೋಗು."

ಕಾರಿನಲ್ಲಿದ್ದ ಮುದುಕಿ ನಕ್ಕು ಕೈ ಬೀಸಿದಳು.

"ರೋಡ್ ನಿಮ್ಮಪ್ಪ ಹಾಕ್ಸಿದ್ದಾ?"

ಆ ಕಾರಿನವನೂ ಕೈ ಬೀಸಿದ.

"ಒಂದ್ಸಲ ಹೊಸಕೋಟೆ ಕಡೆ ಬಾ, ನಿಂಗೈತೆ."

ಕೊನೆಯ ಲಾರಿ ದಾಟೋವರೆಗೂ ಒಬ್ಬರನ್ನೂ ಬಿಡಲಿಲ್ಲ, ಪ್ರತಿಯೊಬ್ಬರಿಗೂ ಹೊಸ ಬೈಗುಳ. ಎಲ್ಲರೂ ಸಂತೋಷವಾಗಿ ಕೈ ಬೀಸಿಕೊಂಡು ಹೋದರು. ನಾನು ಸೆರಗು ಬಾಯಿಗಿಟ್ಟುಕೊಂಡು ನೆಲ ನೋಡುತ್ತಾ ನಿಂತಿದ್ದೆ. ಪೊಲೀಸು ಟೋಪಿ ತೆಗೆದು ನನ್ನ ಹತ್ತಿರ ಬಂದ. ಅವನ ಮನಸ್ಸು ಕರಗಿಹೋಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಇಂಥ ಮನುಷ್ಯನನ್ನ ನೋಡಿಲ್ಲ ಮೇಡಂ ಅಂದ. ಅಷ್ಟು ಜನಕ್ಕೂ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಕ್ಷಮೆ ಕೇಳಿದರಲ್ಲ ಅಂದ.

ಹೌದು ಸಾರ್, ಅವರ ಸ್ವಭಾವವೇ ಹಾಗೆ ಅಂದೆ. ಆಮೇಲೆ ಗಾಡಿ ಹತ್ತಿ, ಬೆಲ್ಟ್ ಹಾಕಿಕೊಂಡು, ಮತ್ತೆ ಅದೇ ಸ್ಪೀಡಿನಲ್ಲಿ ಹೊರಟೆ.